ತಾನೇ ಮುಚ್ಚಿಕೊಂಡ ಬಾಗಿಲು

ಬಚ್ಚಲಿನಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತಿದ್ದ ಸಬ್‌ಇನ್ಸ್‌ಪೆಕ್ಟರ್ ಶೇಖಮ್ಮ ವೆಂಟಿಲೇಟರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅದು ಅಲುಗಲಿಲ್ಲ.

ಗಾಜಿನ ಪಟ್ಟಿಗಳಿರಬೇಕಾದ ಜಾಗದಲ್ಲಿ ಬೂದುಬಣ್ಣದ ಪ್ಲಾಸ್ಟಿಕ್ ಹಾಳೆ ಇತ್ತು. ಅದರ ಸ್ಕ್ರೂಗಳ ಮೊನೆ ಒಳಗೆ ಚಾಚಿಕೊಂಡಿತ್ತು, ತಲೆ ಹೊರಗಿತ್ತು. ತೆಗೆದ ಗಾಜಿನ ಪಟ್ಟಿಗಳು ನೀರಿನ ಟಾಕಿಯ ಹಿಂದೆ ಒಂದರ ಮೇಲೊಂದು ಕೂತಿದ್ದವು. ಒಂದೂ ಒಡೆದಿರಲಿಲ್ಲ.

ಶೇಖಮ್ಮ ಬಕೆಟ್ಟಿನಿಂದ ಇಳಿಯದೆ ಗೋಡೆಯನ್ನೇ ನೋಡುತ್ತ ನಿಂತಳು. ವೆಂಟಿಲೇಟರಿನ ಪಕ್ಕದಲ್ಲಿ, ಅವಳ ಗಲ್ಲದ ಎತ್ತರಕ್ಕೆ, ಸುಣ್ಣದ ಮೇಲೆ ಎಣ್ಣೆಯ ಕಲೆಯೊಂದಿತ್ತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡವರು ಬಹಳ ಹೊತ್ತು ತಲೆಯಾನಿಸಿ ನಿಂತರೆ ಬೀಳುವಂಥ ಕಲೆ. ಶೇಖಮ್ಮನಿಗಿಂತ ಗಿಡ್ಡಗಿದ್ದವರು, ಇದೇ ಬಕೆಟ್ಟಿನ ಮೇಲೆ ನಿಂತವರು.

ಈ ಮನೆಯಲ್ಲಿದ್ದ ಕುಬ್ರಾಬೇಗಂ ಕಾಣೆಯಾಗಿ, ಅವರ ಚಪ್ಪಲಿ ಕಾಲುವೆಯ ದಂಡೆಯಲ್ಲಿ ಸಿಕ್ಕಿ ವಾರ ಕಳೆದಿತ್ತು. ಹೆಣ ಮಾತ್ರ ಸಿಕ್ಕಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಕಾಲೇಜು ಹುಡುಗಿ ಮೋನಮ್ಮನನ್ನು ಶೇಖಮ್ಮ ಕೇಳಿದಳು, ಈ ಹಾಳೆ ಯಾರು ಹಾಕಿದ್ದು ಎಂದು. ಮೋನಮ್ಮನಿಗೆ ಗೊತ್ತಿರಲಿಲ್ಲ. ಹಾಳೆ ತಮ್ಮ ಪ್ರಾಜೆಕ್ಟಿನದೇ, ಮುರಿದ ಕುರ್ಚಿ, ಕೊಡ, ಡಬ್ಬಿಗಳನ್ನು ಕರಗಿಸಿ ಕಾಲೇಜಿನಲ್ಲೇ ಮಾಡಿದ್ದು ಎಂದಳು. ಆದರೆ ಬಚ್ಚಲಿನ ವೆಂಟಿಲೇಟರನ್ನು ಮುಚ್ಚುವ ಮಾತು ಯಾವತ್ತೂ ಬಂದಿರಲಿಲ್ಲ. ಬೇಗಂ ಟೀಚರಿಗೆ ಗಾಳಿ ಬೇಕಿತ್ತು, ಅವರೇ ಒಪ್ಪುತ್ತಿರಲಿಲ್ಲ.

ಗಾಜು ತೆಗೆದವರು ಒಳಗಿದ್ದವರು, ಹಾಳೆ ಹೊಡೆದವರು ಹೊರಗಿದ್ದವರು. ಶೇಖಮ್ಮ ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬಕೆಟ್ಟಿನಿಂದ ಇಳಿದಳು.

ಶಹಾಪುರದಿಂದ ಸ್ವಲ್ಪ ದೂರದ ಕಾಲುವೆ ಕ್ಯಾಂಪಿನಲ್ಲಿ ಈಗ ವಾಸ ಮಾಡುವವರು ಕಡಿಮೆ. ಕಾಲುವೆ ತೋಡುವ ಕಾಲದಲ್ಲಿ ಎಂಜಿನಿಯರುಗಳಿಗೆಂದು ಕಟ್ಟಿದ ಕ್ವಾರ್ಟರ್ಸುಗಳಲ್ಲಿ ಬಹಳಷ್ಟು ಬಿದ್ದುಹೋಗಿವೆ. ಆ ಕೆಲಸಕ್ಕೆ ಶೇಖಮ್ಮನ ತಾಯಿ ಮಣ್ಣಿನ ಬುಟ್ಟಿ ಹೊತ್ತಿದ್ದಳು. ಇದ್ದುದರಲ್ಲಿ ಗಟ್ಟಿಯಾಗಿದ್ದ ಒಂದು ಮನೆಯನ್ನು ಯಾದಗಿರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳಾದ ಮೋನಮ್ಮ ಮತ್ತು ತಾಯಪ್ಪ ತಮ್ಮ ಸಂಶೋಧನೆಗೆ ಪಡೆದಿದ್ದರು. ವಯಸ್ಸಾದವರು ಯಾರ ಹಂಗಿಲ್ಲದೆ ಬದುಕಬಹುದಾದ ಮನೆ; ಅದರ ಪ್ರತಿಯೊಂದು ಸಾಮಾನೂ ಗುಜರಿಯಿಂದ ಬಂದದ್ದಾಗಿರಬೇಕು. ಅದು ಅವರ ಪಣ. ಹಳೆಯ ಮೊಬೈಲುಗಳ ಕ್ಯಾಮೆರಾ ಬಾಗಿಲಿಗೆ ಬಂದವರ ಮುಖ ತೋರಿಸುತ್ತಿತ್ತು. ಕೆಟ್ಟ ವಾಶಿಂಗ್ ಮಷೀನಿನ ಮೋಟಾರು ಕಬ್ಬಿಣದ ಬಾಗಿಲನ್ನು ಎಳೆದು ಮುಚ್ಚುತ್ತಿತ್ತು. ಮಾತ್ರೆಯ ಹೊತ್ತಿಗೆ ಒಡೆದ ರೇಡಿಯೋದ ಸ್ಪೀಕರು ಕೂಗುತ್ತಿತ್ತು.

ಉರ್ದು ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಕುಬ್ರಾಬೇಗಂ ತಾವಾಗಿಯೇ ಬಂದು ಈ ಮನೆಯಲ್ಲಿ ಇರುತ್ತೇನೆ ಎಂದಿದ್ದರು. ತಂಗಿಯ ತುಂಬಿದ ಸಂಸಾರದಲ್ಲಿ ಓದಲು ಒಂದು ಮೂಲೆಯೂ ಸಿಗದು ಎಂಬುದು ಅವರ ದೂರು. ಇಲ್ಲಿ ಬಂದ ಮೇಲೆ ಮನೆಯ ತಪ್ಪುಗಳನ್ನು ಹುಡುಕಿ ಹುಡುಕಿ ಹೇಳಿದರು. ಮನೆಯ ಬಾಗಿಲು ತೆರೆದು ಮುಚ್ಚುವ ಫೋನಿನ ಗುಂಡಿಗಳು ಹೆಸರುಕಾಳಿನಷ್ಟು ಸಣ್ಣಗಿವೆ ಎಂದು ಬೈದು ಹಪ್ಪಳದಷ್ಟು ದೊಡ್ಡದು ಮಾಡಿಸಿದ್ದರು. ಮೋನಮ್ಮನಿಗೆ ಅವರನ್ನು ಕಂಡರೆ ಅಂಜಿಕೆ, ಅದಕ್ಕಿಂತ ಹೆಚ್ಚು ಪ್ರೀತಿ.

ಈಗ ಅದೇ ಮೋನಮ್ಮನ ಮೇಲೆ ಅನುಮಾನ ಬಿದ್ದಿತ್ತು. ಬೇಗಂ ಕಾಣೆಯಾದ ಸಂಜೆ ಬಾಗಿಲು ತೆರೆದದ್ದು ಮೋನಮ್ಮನ ಫೋನಿನಿಂದ. ಅದನ್ನು ಕಂಪ್ಯೂಟರಿನಲ್ಲಿ ಪೊಲೀಸರಿಗೆ ತೋರಿಸಿಕೊಟ್ಟವನು ಅವಳ ಜೊತೆಗಾರ ತಾಯಪ್ಪ. ಫೋನು ಠಾಣೆಯಲ್ಲಿತ್ತು. ಈ ಮನೆಯನ್ನು ಕೊನೆಯ ಬಾರಿ ನೋಡಿಕೊಂಡು ಅವಳನ್ನೂ ಠಾಣೆಗೆ ಕರೆದೊಯ್ಯಬೇಕೆಂದು ಶೇಖಮ್ಮ ಬಂದಿದ್ದಳು. ಮೋನಮ್ಮ ಅವಳ ಜೊತೆಯಲ್ಲೇ ಜೀಪಿನಲ್ಲಿ ಬಂದಿದ್ದಳು. ಸೈದಾಪುರದ ಹತ್ತಿರದ ಹಳ್ಳಿಯಲ್ಲಿದ್ದ ಅವಳ ಅವ್ವನಿಗೆ ಇನ್ನೂ ಸುದ್ದಿ ಹೋಗಿರಲಿಲ್ಲ.

ಪಡಸಾಲೆಯ ಕುರ್ಚಿಯಲ್ಲಿ ಪ್ರೊಫೆಸರ್ ಮರಿಲಿಂಗಪ್ಪ ಕೂತಿದ್ದ. ಮಕ್ಕಳ ಪ್ರಾಜೆಕ್ಟಿಗೆ ಗೈಡ್ ಆದ ಅವನನ್ನು ಶೇಖಮ್ಮನೇ ಮಧ್ಯಾಹ್ನ ಬರಹೇಳಿದ್ದಳು. ಮೋಟರ್‌ಸೈಕಲ್ಲಿನಲ್ಲಿ ಬಂದ ಅವನು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಗೋಡೆಗೆ ಬೆನ್ನು ಕೊಟ್ಟು ಕೂತವನು ಎದ್ದಿರಲಿಲ್ಲ. ಬಚ್ಚಲು ನೋಡಲು ಕರೆದಾಗಲೂ ಬರಲಿಲ್ಲ.

ಜೀಪನ್ನೂ ಡ್ರೈವರ್ ಯಂಕಣ್ಣನನ್ನೂ ಶೇಖಮ್ಮ ಕಾಲುವೆಯ ಮುಂದಿನ ಗೇಟಿನ ಕಡೆ ಕಳಿಸಿದ್ದಳು. ಅಲ್ಲಿ ನೀರಿಗಿಳಿದು ಹುಡುಕುತ್ತಿದ್ದವರ ಸುದ್ದಿ ಬೇಕಿತ್ತು. ಅವಳ ಫೋನು ಜೀಪಿನಲ್ಲೇ ಚಾರ್ಜಿಗೆ ಉಳಿದಿತ್ತು.

ಪಡಸಾಲೆಗೆ ಬಂದು ಅವಳು ವೆಂಟಿಲೇಟರಿನ ಮಾತೆತ್ತಬೇಕು, ಅಷ್ಟರಲ್ಲಿ ಮೋಟಾರಿನ ಗುರ್ರೆಂಬ ಸದ್ದು ಕೇಳಿಸಿತು. ತೆರೆದಿದ್ದ ಕಬ್ಬಿಣದ ಬಾಗಿಲು ನಿಧಾನವಾಗಿ, ಯಾರೋ ಹೊರಗೆ ನಿಂತು ಎಳೆದುಕೊಂಡ ಹಾಗೆ ಮುಚ್ಚಿಕೊಂಡಿತು. ಬಾಗಿಲಿನೊಳಗೆ ಚಿಲಕ ಬಿದ್ದ ಶಬ್ದವಾಯಿತು. ಮೇಲಿನ ಗಾಳಿಕಂಡಿಗಳ ರೆಕ್ಕೆಗಳೂ ಅದರ ಹಿಂದೆಯೇ ಮಡಚಿಕೊಂಡವು. ಕೋಣೆ ಮಬ್ಬಾಯಿತು.

ಮೋನಮ್ಮ ಲೈಟು ಹಾಕಲು ಗೋಡೆಯ ಕಡೆ ಕೈ ಚಾಚಿದಳು.

“ಸ್ವಿಚ್ ಮುಟ್ಟಬ್ಯಾಡ,” ಎಂದ ಮರಿಲಿಂಗಪ್ಪ. ಕುರ್ಚಿ ಪಕ್ಕಕ್ಕೆ ಉರುಳಿತ್ತು, ಅವನು ಎದ್ದು ನಿಂತಿದ್ದ. “ಲೈಟ್ ಬ್ಯಾಡ, ಫ್ಯಾನ್ ಬ್ಯಾಡ. ಯಾವ ಸ್ವಿಚ್ಚೂ ಮುಟ್ಟಬ್ಯಾಡ್ರಿ.”

ಶೇಖಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಗಿಲಿಗೆ ಹೋಗಿ ಭುಜ ಕೊಟ್ಟಳು. ಕಬ್ಬಿಣ ಮಿಸುಕಲಿಲ್ಲ. ಒಳಗಿನಿಂದ ತೆರೆಯುವ ಗುಂಡಿಯೊಂದಿತ್ತು. ಮೋನಮ್ಮ ಅದನ್ನು ಒತ್ತಲು ಹೋಗಿ ಪ್ರೊಫೆಸರನ ಮಾತು ನೆನೆದು ಕೈ ಹಿಂತೆಗೆದಳು. ಹೊರಗಿನಿಂದ ಬೀಗ ಬಿದ್ದಾಗ ಅದು ಹೇಗೂ ಕೆಲಸ ಮಾಡುವುದಿಲ್ಲ ಎಂದಳು. ಮನೆ ಖಾಲಿಯಿದ್ದಾಗ ಹಾಕುವ ಬೀಗ ಅದು. ಫೋನಿನಿಂದ ಬಿದ್ದ ಬೀಗ ಫೋನಿನಿಂದಲೇ ತೆರೆಯಬೇಕು.

ಆಗ ವಾಸನೆ ಬಂತು.

ಅಡುಗೆಯ ಕಟ್ಟೆ ಪಡಸಾಲೆಗೇ ಹೊಂದಿಕೊಂಡಿತ್ತು, ನಡುವೆ ಬಾಗಿಲಿರಲಿಲ್ಲ. ಒಲೆ ಸಣ್ಣಗೆ ಸುಯ್ಯೆನ್ನುತ್ತಿತ್ತು, ಉರಿ ಇರಲಿಲ್ಲ. ವಯಸ್ಸಾದವರ ಕೈ ನಡುಗುತ್ತದೆಂದು ಒಲೆಯ ತಿರುವುಗಳನ್ನೇ ತೆಗೆದು ಪುಟ್ಟ ಮೋಟಾರು ಕೂಡಿಸಿದ್ದರು. ಭಾರ ಎತ್ತುವ ತಾಪತ್ರಯ ಬೇಡವೆಂದು ಸಿಲಿಂಡರನ್ನು ಮನೆಯ ಹೊರಗೆ ಜಾಲರಿಯ ಗೂಡಿನಲ್ಲಿಟ್ಟು, ಉಕ್ಕಿನ ಕೊಳವೆಯನ್ನು ಗೋಡೆಯೊಳಗಿನಿಂದ ತಂದಿದ್ದರು. ಹಿರಿಯರಿಗೆ ಅನುಕೂಲವಾಗಲಿ ಎಂದು ಮಾಡಿದ್ದೆಲ್ಲ ಈಗ ಒಳಗಿದ್ದವರ ಕೈ ಕಟ್ಟಿಹಾಕಿತ್ತು. ಮುಚ್ಚಲು ತಿರುವಿಲ್ಲ, ಹಿಚುಕಲು ರಬ್ಬರಿನ ನಳಿಗೆಯಿಲ್ಲ.

ಶೇಖಮ್ಮ ಹಾಸಿಗೆಯ ಚಾದರವನ್ನು ಬಚ್ಚಲಿನ ನೀರಿನಲ್ಲಿ ಅದ್ದಿ ತಂದು ಒಲೆಯ ಮೇಲೆ ಮಡಿಕೆ ಮಡಿಕೆಯಾಗಿ ಒತ್ತಿದಳು. ಸುಯ್ಯೆನ್ನುವುದು ತಗ್ಗಿತು, ನಿಲ್ಲಲಿಲ್ಲ. ಕುರ್ಚಿಯೆತ್ತಿ ಕಿಟಕಿಗೆ ಬೀಸಿದಳು. ಗಾಜಿನ ಬದಲು ಅಲ್ಲಿಯೂ ಅದೇ ಪ್ಲಾಸ್ಟಿಕ್ ಹಾಳೆ. ಹೊರಕ್ಕೆ ಬಾಗಿ ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಬೀಸಿದಾಗ ಕುರ್ಚಿಯ ಕಾಲು ಮುರಿಯಿತು.

ಕೂಗಿದರು. ಹೊರಗೆ ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆಯ ಗದ್ದೆಯಲ್ಲಿ ಭತ್ತ ಕೊಯ್ಯುವ ಯಂತ್ರ ಗಡಗಡ ಎನ್ನುತ್ತಿತ್ತು. ಯಾರೂ ಬರಲಿಲ್ಲ.

ಮರಿಲಿಂಗಪ್ಪ ಜೇಬಿನಿಂದ ಫೋನು ತೆಗೆದ. ಮೋನಮ್ಮ ಬೇಡ ಎನ್ನುವ ಮೊದಲೇ ಕಿಡಿಗೆ ಹೆದರಿ ತಾನೇ ಅದನ್ನು ಮತ್ತೆ ಜೇಬಿಗಿಟ್ಟುಕೊಂಡ.

ಮೋನಮ್ಮ ಇದ್ದಕ್ಕಿದ್ದಂತೆ ಮೇಲೆ ನೋಡಿದಳು. ಫ್ಯಾನಿನ ಪಕ್ಕದ ಗೋಡೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದಿತ್ತು. ಅದರ ದೀಪ ಹಸಿರಿನಿಂದ ಹಳದಿಗೆ ತಿರುಗಿತ್ತು. ಕೋಣೆ ಕಾದರೆ ಫ್ಯಾನನ್ನು ತಾನೇ ತಿರುಗಿಸುವ ಡಬ್ಬಿ. ಬಿಸಿಲಿನ ದಿನಗಳಲ್ಲಿ ಹಿರಿಯರು ಎದ್ದುಹೋಗಿ ಸ್ವಿಚ್ಚು ಹಾಕುವುದು ಬೇಡವೆಂದು ಅವಳೇ ಮಾಡಿದ್ದಳು. ಮೇಲೆ ಮಾರ್ಚಿನ ಬಿಸಿಲು ತಾರಸಿಯನ್ನು ಸುಡುತ್ತಿತ್ತು, ಗಾಳಿಕಂಡಿಗಳು ಮುಚ್ಚಿದ್ದವು. ಕೆಂಪು ದೀಪ ಬಂದರೆ ಫ್ಯಾನು ಚಾಲೂ ಆಗುತ್ತದೆ, ಡಬ್ಬಿಯೊಳಗೆ ಒಂದು ಕಿಡಿ ಹಾರುತ್ತದೆ. ಅಷ್ಟು ಸಾಕು.

ಅವಳು ಮಂಚದ ಮೇಲೆ ಸ್ಟೂಲಿಟ್ಟು ಹತ್ತಿದಳು. ದುಪಟ್ಟಾವನ್ನು ನೆನೆಸಿ ತಂದುಕೊಡುವಂತೆ ಕೇಳಿದಳು. ಶೇಖಮ್ಮ ತಂದುಕೊಟ್ಟಳು. ಮೋನಮ್ಮ ಅದನ್ನು ಹಿಂಡಿ ಡಬ್ಬಿಯ ಸುತ್ತ ಸುತ್ತಿ ಎರಡು ಕೈಯಿಂದ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಹಸಿರಾಯಿತು.

“ಮೇಡಂ, ಹಿಂದಿನ ಗ್ವಾಡಿ,” ಎಂದಳು ಅವಳು ಅಲ್ಲಿಂದಲೇ. “ಮೊದ್ಲ ಅಲ್ಲಿ ಹಿತ್ತಲ ಬಾಗಿಲಿತ್ತು. ಅದನ್ನ ನಮ್ಮ ಇಟ್ಟಂಗಿಲಿಂದ ಮುಚ್ಚೀವಿ. ಸಿಮೆಂಟ್ ಹಾಕಿಲ್ಲ.”

ಅದು ಮೋನಮ್ಮನ ಸ್ವಂತ ಕೆಲಸ. ಹಾಲಿನ ಪಾಕೀಟು, ಗುಟಕಾ ಚೀಟಿ, ಗೊಬ್ಬರದ ಚೀಲಗಳನ್ನು ಕರಗಿಸಿ, ಕಾಲುವೆಯ ಹೂಳು ಮತ್ತು ಭತ್ತದ ಹೊಟ್ಟಿನ ಬೂದಿ ಕಲಸಿ ಮಾಡಿದ ಇಟ್ಟಿಗೆಗಳು. ಒಂದಕ್ಕೊಂದು ಹಲ್ಲು ಕಚ್ಚಿ ಕೂಡುತ್ತವೆ. ಬೇಕೆಂದಾಗ ಬಿಚ್ಚಿ ಬೇರೆ ಕಡೆ ಕಟ್ಟಬಹುದು ಎಂಬುದೇ ಅವಳ ವಾದ. ಮೇಲೆ ಸಿಮೆಂಟಿನ ಗಿಲಾವು ಮಾಡಿಸೋಣ, ನೋಡುವವರಿಗೆ ಚಂದ ಕಾಣುತ್ತದೆ ಎಂದು ಮರಿಲಿಂಗಪ್ಪ ಎಷ್ಟು ಹೇಳಿದರೂ ಅವಳು ಒಪ್ಪಿರಲಿಲ್ಲ. ಮೇಲಿನ ಸಾಲಿನ ನಟ್ಟನಡುವೆ ಕಟ್ಟಿಗೆಯ ಬೆಣೆಯೊಂದಿದೆ, ಅದನ್ನು ಕಿತ್ತರೆ ಮೊದಲ ಇಟ್ಟಿಗೆ ಬರುತ್ತದೆ, ಉಳಿದವು ಅದರ ಹಿಂದೆ ಬರುತ್ತವೆ ಎಂದು ಹೇಳಿದಳು. ಕಬ್ಬಿಣ ಮಾತ್ರ ಉಪಯೋಗಿಸಬಾರದು. ಕೈಯಿಂದ, ಇಲ್ಲವೇ ಕಟ್ಟಿಗೆಯಿಂದ.

ಶೇಖಮ್ಮ ಬೆಲ್ಟು ಬಿಚ್ಚಿ ದೂರ ಇಟ್ಟಳು. ಮುರಿದ ಕುರ್ಚಿಯ ಕಟ್ಟಿಗೆಯ ಕಾಲಿನಿಂದ ಬೆಣೆಯನ್ನು ಬಡಿದಳು. ಬಿಗಿಯಾಗಿತ್ತು. ಮರಿಲಿಂಗಪ್ಪ ಇನ್ನೂ ಕೋಣೆಯ ನಡುವೆಯೇ ನಿಂತಿದ್ದ.

ಅವಳು ಅವನನ್ನು ಕರೆದಳು. ಅವನು ಬಂದು ಪಕ್ಕದಲ್ಲಿ ನಿಂತು ಬೆಣೆಯ ತುದಿ ಹಿಡಿದು ಎಳೆದ. ಇಬ್ಬರೂ ಕೂಡಿ ಎಳೆದಾಗ ಅದು ಕಿತ್ತು ಬಂತು.

“ಸರ್,” ಎಂದಳು ಶೇಖಮ್ಮ, ಮೊದಲ ಇಟ್ಟಿಗೆಯ ಅಂಚಿಗೆ ಉಗುರು ಸಿಕ್ಕಿಸುತ್ತ. “ವಾಸನಿ ಬರೋಕಿಂತ ಮೊದ್ಲ ನೀವು ಸ್ವಿಚ್ ಮುಟ್ಟಬ್ಯಾಡ ಅಂದ್ರಿ.”

ಅವನು ಇಟ್ಟಿಗೆಯ ಇನ್ನೊಂದು ಅಂಚು ಹಿಡಿದ.

“ಬಾಗಿಲ ಬಿದ್ದ ಕೂಡ್ಲೆ ಅಂದ್ರಿ. ಗ್ಯಾಸ್ ಬರ್ತದ ಅಂತ ನಿಮಗ ಹೆಂಗ ಗೊತ್ತಿತ್ತು?”

ಇಟ್ಟಿಗೆ ಬಂತು. ಹೊರಗಿನ ಬೆಳಕು ಒಂದು ಅಂಗೈಯಷ್ಟು ಒಳಗೆ ಬಿತ್ತು. ಮರಿಲಿಂಗಪ್ಪ ಆ ಸಂದಿಗೆ ಮುಖವಿಟ್ಟು ಉಸಿರೆಳೆದುಕೊಂಡ. ಶೇಖಮ್ಮ ಅವನ ಅಂಗಿ ಹಿಡಿದು ಹಿಂದಕ್ಕೆಳೆದು ಎರಡನೆಯ ಇಟ್ಟಿಗೆ ತೋರಿಸಿದಳು. ಅವನು ಅದನ್ನು ಕೀಳುತ್ತಲೇ ಮಾತು ತೆಗೆದ.

“ಹಿಂದ ಒಮ್ಮೆ ಹಿಂಗ ಆಗಿತ್ರಿ.”

ಚಳಿಗಾಲದ ಒಂದು ಮಧ್ಯಾಹ್ನ. ಕುಬ್ರಾಬೇಗಂ ಒಳಗಿದ್ದಾಗಲೇ ಬಾಗಿಲು ತಪ್ಪಿ ಬೀಗ ಹಾಕಿಕೊಂಡಿತ್ತು. ಮನೆಗೆ ಬೀಗ ಬಿದ್ದರೆ ಒಲೆ ಮುಚ್ಚಬೇಕು ಎಂಬುದು ಲೆಕ್ಕ. ನಕ್ಷೆಯಲ್ಲಿ ಒಂದು ತಂತಿ ತಿರುವುಮುರುವಾಗಿತ್ತು. ಬೀಗ ಬಿದ್ದಾಗ ಒಲೆ ತೆರೆದುಕೊಂಡಿತು. ಹಿಂದಿನ ಗೋಡೆ ಬಿಚ್ಚಿಕೊಳ್ಳುತ್ತದೆ ಎಂಬುದು ಬೇಗಂಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೂ ಆ ವಯಸ್ಸಿನ ಕೈಗೆ ಬೆಣೆ ಬರುತ್ತಿರಲಿಲ್ಲ. ಅವರು ಬಚ್ಚಲಿಗೆ ಹೋಗಿ ಬಕೆಟ್ಟಿನ ಮೇಲೆ ಹತ್ತಿ, ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ವೆಂಟಿಲೇಟರಿಗೆ ಮೂಗು ಕೊಟ್ಟು ನಿಂತರು. ಸಿಲಿಂಡರು ಮುಗಿಯುತ್ತ ಬಂದಿದ್ದರಿಂದ ಉಳಿದರು. ಸಂಜೆ ಮರಿಲಿಂಗಪ್ಪ ಬಂದು ಬಾಗಿಲು ತೆರೆದಾಗ ಅವರು ಇನ್ನೂ ನಿಂತೇ ಇದ್ದರು.

ನಕ್ಷೆ ಬರೆದವನು ಮರಿಲಿಂಗಪ್ಪನೇ.

ಅದನ್ನು ಯಾಕೆ ಸರಿಪಡಿಸಲಿಲ್ಲ ಎಂದು ಶೇಖಮ್ಮ ಕೇಳಿದಳು. ತಂತಿ ಗೋಡೆಯೊಳಗಿತ್ತು. ಗೋಡೆ ಒಡೆದರೆ ವಿಷಯ ಎಲ್ಲರಿಗೂ ಗೊತ್ತಾಗುತ್ತಿತ್ತು. ದೊಡ್ಡ ಸ್ಪರ್ಧೆಯ ಪರೀಕ್ಷಕರು ಮನೆ ನೋಡಲು ಬರುವವರಿದ್ದರು. ಇಂಥ ಮನೆಗಳನ್ನು ಊರೂರಿಗೆ ಕಟ್ಟುವ ಮಾತು ನಡೆದಿತ್ತು. ಅದು ಮುಗಿಯಲಿ ಎಂದುಕೊಂಡೆ ಎಂದ. ಫೋನಿನಲ್ಲಿ ಹೊರಗಿನ ಬೀಗದ ಗುಂಡಿಯನ್ನು ಯಾರೂ ಒತ್ತದಿದ್ದರೆ ಸಾಕಿತ್ತು. ಆದರೆ ಬೇಗಂ ಸುಮ್ಮನಿರಲು ಒಪ್ಪಲಿಲ್ಲ. ಪರೀಕ್ಷಕರ ಮುಂದೆಯೇ ಹೇಳುತ್ತೇನೆ ಎಂದರು.

ಸ್ಟೂಲಿನ ಮೇಲಿದ್ದ ಮೋನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ತೋಳುಗಳು ಸೋತು ನಡುಗುತ್ತಿದ್ದವು. ದುಪಟ್ಟಾ ಬಿಸಿಯಾಗುತ್ತಿತ್ತು. ಆ ಮಧ್ಯಾಹ್ನ ಮುಗಿದ ಮಾರನೆಯ ದಿನವೇ ಅವಳು ಇಲ್ಲಿಗೆ ಬಂದಿದ್ದಳು. ಬೇಗಂ ಟೀಚರು ಯಾವತ್ತಿನಂತೆ ಚಹಾ ಕೊಟ್ಟು, ಮೋನಮ್ಮನ ಮುಖವನ್ನೇ ಬಹಳ ಹೊತ್ತು ನೋಡಿ, ಏನೋ ಹೇಳಲು ಹೋಗಿ ಬಿಟ್ಟಿದ್ದರು. ನಿನಗೂ ಗೊತ್ತೇ ಎಂದು ಕೇಳಬೇಕೆಂದಿದ್ದರೇನೋ.

“ಸರ್,” ಎಂದಳು ಮೋನಮ್ಮ. “ತಾಯಪ್ಪಗೂ ಇದು ಗೊತ್ತಿತ್ತೇನ್ರಿ?”

ಮರಿಲಿಂಗಪ್ಪ ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಇಟ್ಟಿಗೆಯನ್ನು ನೆಲಕ್ಕಿಟ್ಟ.

“ಅವತ್ತ ಸಂಜಿಕಿ ನಿನ್ನ ಫೋನ್ ತಗೊಂಡವ ಅವನೇ,” ಎಂದ.

ದೀಪ ಹಳದಿಯಾಯಿತು. ಮೋನಮ್ಮ ಅದನ್ನು ನೋಡುತ್ತಿದ್ದರೂ ಕಂಡಂತಿರಲಿಲ್ಲ. ಶೇಖಮ್ಮ ಚೊಂಬಿನಲ್ಲಿ ನೀರು ತಂದು ಬಟ್ಟೆಯ ಅಂಚಿಗೆ ಹನಿಹನಿಯಾಗಿ ಹಾಕಿ, ಹುಡುಗಿಯ ಮೊಣಕಾಲನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಅನಿಲ ನೆಲದ ಮೇಲೆ ಹರಡುತ್ತಿತ್ತು. ಬಗ್ಗಿದರೆ ತಲೆ ಸುತ್ತುತ್ತಿತ್ತು. ಕೆಳಗಿನ ಸಾಲುಗಳನ್ನು ಬಿಚ್ಚಲು ಬಗ್ಗಲೇಬೇಕಿತ್ತು. ಒಬ್ಬರು ಸಂದಿಯಲ್ಲಿ ಮುಖವಿಟ್ಟು ಉಸಿರು ತುಂಬಿಕೊಂಡು ಬರುವುದು, ಇನ್ನೊಬ್ಬರು ಬಗ್ಗಿ ಕೀಳುವುದು. ಹಾಗೆ ಸರದಿ ಹಾಕಿಕೊಂಡರು. ಆರೋಪಿಯನ್ನು ಹಿಡಿಯಲು ಬಂದವಳು, ಆರೋಪಿಯಾಗಬೇಕಾದವನು ಒಂದೇ ಸಂದಿಯಿಂದ ಗಾಳಿ ಹಂಚಿಕೊಂಡರು. ಶೇಖಮ್ಮನ ಉಗುರುಗಳಿಂದ ರಕ್ತ ಬರುತ್ತಿತ್ತು.

ಒಬ್ಬರು ನುಸುಳುವಷ್ಟು ಜಾಗವಾದಾಗ ಅವಳು ಮರಿಲಿಂಗಪ್ಪನನ್ನು ಮೊದಲು ಹೋಗಲು ಹೇಳಿದಳು. ದಪ್ಪಗಿದ್ದ ಅವನು ಸಿಕ್ಕಿಕೊಂಡ. ಅವಳು ಹಿಂದಿನಿಂದ ತಳ್ಳಿದಳು. ಅವನ ಜೊತೆಗೆ ಇನ್ನೆರಡು ಇಟ್ಟಿಗೆಗಳು ಕಳಚಿ ಹೊರಗೆ ಬಿದ್ದವು.

ಮೋನಮ್ಮ ಕೈ ಬಿಡಲಿಲ್ಲ. ತಾನು ಬಿಟ್ಟ ಮೇಲೆ ದೀಪ ಕೆಂಪಾಗಲು ಎಷ್ಟು ಹೊತ್ತು ಬೇಕೋ ತನಗೇ ಗೊತ್ತಿಲ್ಲ, ಮೇಡಂ ಮೊದಲು ಹೊರಡಲಿ ಎಂದಳು. ಶೇಖಮ್ಮ ವಾದಕ್ಕಿಳಿಯಲಿಲ್ಲ. ಸ್ಟೂಲಿನ ಹತ್ತಿರ ಬಂದು ಅವಳ ನಡು ಹಿಡಿದು ಕೆಳಗೆ ಎತ್ತಿಳಿಸಿ ಗೋಡೆಯ ಕಡೆ ನೂಕಿದಳು. ನೆನೆದ ಬಟ್ಟೆ ಡಬ್ಬಿಗೆ ಅಂಟಿಕೊಂಡೇ ಉಳಿಯಿತು. ಇಬ್ಬರೂ ಹೊರಗೆ ಬಿದ್ದರು.

ಶೇಖಮ್ಮ ಎದ್ದವಳೇ ಮನೆಯನ್ನು ಸುತ್ತಿಕೊಂಡು ಓಡಿ ಸಿಲಿಂಡರಿನ ತಲೆ ಮುಚ್ಚಿದಳು. ಆಮೇಲೆ ವಿದ್ಯುತ್ ಕಂಬದ ಬುಡದಲ್ಲಿದ್ದ ಫ್ಯೂಸು ಕಿತ್ತು ಕಾಲುವೆಗೆಸೆದಳು. ಏನೂ ಆಗಲಿಲ್ಲ. ಮನೆ ಬಿಸಿಲಿನಲ್ಲಿ ಸುಮ್ಮನೆ ನಿಂತಿತ್ತು. ಅದರ ಬೆನ್ನಿನಲ್ಲಿ ಮಾತ್ರ ಒಂದು ತೂತು.

ಅವಳು ವಾಪಸ್ಸು ಬಂದಾಗ ಮರಿಲಿಂಗಪ್ಪ ಓಡಿಹೋಗಿರಲಿಲ್ಲ. ಜಾಲಿಗಿಡದ ನೆರಳಿನಲ್ಲಿ ಕಾಲು ಚಾಚಿ ಕೂತು ಕೆಮ್ಮುತ್ತಿದ್ದ. ಮೋನಮ್ಮ ಅವನಿಂದ ದೂರ ನಿಂತಿದ್ದಳು.

ಬೇಗಂ ಸಾಹೇಬರು ಸತ್ತಿಲ್ಲ ಎಂದ ಅವನು. ಕೇಳದೆಯೇ ಹೇಳಿದ. ಸುರಪುರದಲ್ಲಿ ಗುಡ್ಡದ ಕೆಳಗೆ, ಊರ ಹೊರಗೆ ಇನ್ನೊಂದು ಮನೆಯಿದೆ. ಹಿಂದಿನ ವರ್ಷದ ವಿದ್ಯಾರ್ಥಿಗಳ ಜೊತೆ ಮಾಡಿದ ಮೊದಲ ಪ್ರಯೋಗ, ಈಗ ಯಾರೂ ಇರುವುದಿಲ್ಲ. ಕ್ಯಾಂಪಿನ ಮನೆಯಲ್ಲಿ ರಿಪೇರಿಯಿದೆ ಎಂದು ಹೇಳಿ ತಾಯಪ್ಪ ಅವರನ್ನು ಅಲ್ಲಿಗೆ ಕರೆದೊಯ್ದ. ಅವರು ನಂಬಿ ಹೋದರು. ಒಳಗಿನ ಗುಂಡಿಯ ತಂತಿ ಕಿತ್ತಿಟ್ಟಿದ್ದರಿಂದ, ಹೋದ ಮೇಲೆ ಬಾಗಿಲು ಅವರಿಗೆ ತೆರೆಯಲಿಲ್ಲ. ದಿನಾ ಬೆಳಿಗ್ಗೆ ನಾಷ್ಟಾ, ಮಧ್ಯಾಹ್ನ ಊಟ ತಾಯಪ್ಪ ಒಯ್ಯುತ್ತಾನೆ. ಕ್ಯಾಂಪಿನ ಮನೆಯ ಬಚ್ಚಲಿನಲ್ಲಿ ಗಾಜು ಕಳಚಿದ್ದು ಕಾಣದಿರಲೆಂದು ಹೊರಗಿನಿಂದ ಹಾಳೆ ಹೊಡೆದವನೂ ಅವನೇ. ಪರೀಕ್ಷಕರು ಬಂದು ಹೋದ ಕೂಡಲೇ ಕರೆತಂದು, ಕಾಲು ಹಿಡಿದು ಕ್ಷಮೆ ಕೇಳುವುದಿತ್ತು. ಯಾರಿಗೂ ಕೆಟ್ಟದ್ದು ಮಾಡುವ ಮನಸ್ಸಿರಲಿಲ್ಲ.

ಶೇಖಮ್ಮ ಅವನೆದುರು ಕುಕ್ಕರುಗಾಲಲ್ಲಿ ಕೂತಳು.

“ಚಪ್ಪಲ್ ಯಾರು ಇಟ್ರು?”

“ನಾನ ಇಟ್ಟೆ. ಜನ ನೀರಾಗ ಹುಡುಕ್ಲಿ ಅಂತ.”

“ತಿರುಗಿ ಬರೋರ ಚಪ್ಪಲ್ ಯಾರೂ ಕಾಲುವಿ ದಂಡಿ ಮ್ಯಾಲ ಇಡಂಗಿಲ್ಲ, ಸರ್.”

ಅವನು ತಲೆಯೆತ್ತಿ ಅವಳನ್ನು ನೋಡಿದ. ಬಹುಶಃ ಆ ಮಾತನ್ನು ಇಷ್ಟು ದಿನ ಅವನು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಅವಳು ಎದ್ದು ನಿಂತು ಯೋಚಿಸಿದಳು. ಬಾಗಿಲು ಹಾಕಿದ್ದು ಇವನಲ್ಲ, ಇವನು ಒಳಗಿದ್ದ. ಮೋನಮ್ಮನ ಫೋನು ಠಾಣೆಯಲ್ಲಿತ್ತು. ಉಳಿದವನು ತಾಯಪ್ಪ. ಇವನೂ ಬೇಗಂ ಅವರೂ ಸತ್ತರೆ ತಾಯಪ್ಪನ ಹೆಸರು ಹೇಳುವವರೇ ಇರುತ್ತಿರಲಿಲ್ಲ. ನೀವು ಮಧ್ಯಾಹ್ನ ಇಲ್ಲಿಗೆ ಬರುವುದು ಅವನಿಗೆ ಗೊತ್ತಿತ್ತೇ ಎಂದು ಕೇಳಿದಳು. ಬೆಳಿಗ್ಗೆ ತಾನೇ ಫೋನು ಮಾಡಿ ತಿಳಿಸಿದ್ದೆ ಎಂದ ಮರಿಲಿಂಗಪ್ಪ. ತಾಯಪ್ಪ ಆಗ ಸುರಪುರದ ಮನೆಯಲ್ಲಿ ನಾಷ್ಟಾ ಕೊಡಲು ಹೋಗಿದ್ದ. ಪೊಲೀಸರು ಇರುತ್ತಾರೆಂದು ಹೇಳಿರಲಿಲ್ಲ, ಹುಡುಗ ಹೆದರುತ್ತಾನೆಂದು. ಆ ಮನೆಯ ನಕ್ಷೆಯೂ ಇದೇ, ತಂತಿಯೂ ಹೀಗೆಯೇ ಎಂಬುದನ್ನು ಅವನು ಕೊನೆಗೆ, ಬಹಳ ಮೆಲ್ಲಗೆ ಹೇಳಿದ. ಸಿಲಿಂಡರು ಹೊಸದು. ಗೋಡೆಗಳು ಕಲ್ಲಿನವು.

ಶೇಖಮ್ಮ ಅವನ ಫೋನು ಕಸಿದುಕೊಂಡು ಮೊದಲು ಸುರಪುರ ಠಾಣೆಗೆ ಸುದ್ದಿ ಮುಟ್ಟಿಸಿದಳು. ಆಮೇಲೆ ಅದನ್ನು ಮೋನಮ್ಮನ ಕೈಗೆ ಕೊಟ್ಟು ತಾಯಪ್ಪನಿಗೆ ಹಚ್ಚಲು ಹೇಳಿದಳು. ನಿನ್ನ ದನಿ ಕೇಳಿದರೆ ಅವನು ಬೆಚ್ಚುತ್ತಾನೆ, ಮಾತಾಡಿಸುತ್ತಿರು ಎಂದಳು.

ಬಹಳ ಹೊತ್ತು ರಿಂಗಾಯಿತು. ಎತ್ತಿದರು. ಹಿಂದೆ ಬಸ್ಸಿನ ಹಾರ್ನು, ಕಂಡಕ್ಟರ್ ಊರುಗಳ ಹೆಸರು ಕೂಗುವುದು ಕೇಳಿಸಿತು.

“ಮಾಸ್ತರ ಇನ್ನೂ ಫೋನ್ ಮಾಡ್ಲಾಕತ್ತಾನೇನು,” ಎಂದಿತು ಆ ಕಡೆಯ ದನಿ.

ಮೋನಮ್ಮ ಇದ್ದಲ್ಲೇ ನೆಲಕ್ಕೆ ಕೂತಳು.

“ಟೀಚರ್,” ಎಂದಳು. “ನಾನ್ರಿ, ಮೋನಮ್ಮ.”



“ನೀ ಎಲ್ಲಿದ್ದಿ, ಬೇಟಿ?”

“ಕ್ಯಾಂಪಿನ ಮನಿ ಹಿಂದ ಅದೀನ್ರಿ. ಸರ್ ಕೂಡ ಒಳಗ ಇದ್ವಿ. ಮೇಡಂನೂ ಇದ್ರು. ಇಟ್ಟಂಗಿ ಬಿಚ್ಚಿ ಹೊರಗ ಬಂದೀವಿ.”

“ನೀ ಒಳಗ ಇರಬಾರದಿತ್ತು.” ದನಿ ಒಡೆಯಿತು. ಮತ್ತೆ ಗಟ್ಟಿಯಾಯಿತು. ಶಾಲೆಯ ಅಂಗಳದಲ್ಲಿ ನಿಂತು ಮಾತಾಡಿ ಅಭ್ಯಾಸವಾದ ದನಿ. “ಅವ ಒಬ್ಬನೇ ಬರ್ತಾನ ಅಂತ ತಾಯಪ್ಪನ ಫೋನಿನಾಗ ಕೇಳಿದ್ದೆ. ಅವ ಒಬ್ಬನೇ ಇರಬೇಕಿತ್ತು. ಆ ಬಕೆಟ್ ಮ್ಯಾಲ ಅವನೂ ಒಮ್ಮೆ ನಿಲ್ಲಲಿ ಅಂದ್ಕೊಂಡಿದ್ದೆ.”

ಶೇಖಮ್ಮ ಫೋನಿಗೆ ಕಿವಿ ಹಚ್ಚಿ ಬಗ್ಗಿದ್ದಳು. ಏನು ಕೇಳಬೇಕೆಂದು ಅವಳು ಹೇಳಿಕೊಡಬೇಕಾಗಲಿಲ್ಲ.

“ಟೀಚರ್, ತಾಯಪ್ಪ ಎಲ್ಲಿ ಅದಾನ್ರಿ?”

ಬಸ್ಸು ಹೊರಟ ಸದ್ದು. ಯಾರೋ ಮುಂದೆ ಸರಿಯಿರಿ ಎಂದರು.

“ನಾ ಇದ್ದಲ್ಲೇ ಅದಾನ,” ಎಂದರು ಕುಬ್ರಾಬೇಗಂ. “ಊಟ ತಂದವ ಕೈ ತೊಳಿಲಾಕ ಹೋದಾಗ ಫೋನ್ ತಗೊಂಡು ಹೊರಗ ಬಂದು ಬೀಗ ಒತ್ತೀನಿ.”

“ಬಾಗಿಲ ತೆಗೀರಿ ಟೀಚರ್. ನಿಮ್ಮ ಕೈ ಮುಗೀತೀನಿ. ದೊಡ್ಡ ಗುಂಡಿ, ಹಸಿರುದು, ಒತ್ರಿ.”

ಫೋನು ಕಟ್ಟಾಯಿತು. ಮೋನಮ್ಮ ಮತ್ತೆ ಹಚ್ಚಿದಳು, ಮತ್ತೆ ಹಚ್ಚಿದಳು. ಆ ಕಡೆಯ ಫೋನು ಬಂದಾಗಿತ್ತು. ಸುರಪುರದ ಆ ಮನೆಯ ಬಾಗಿಲನ್ನು ತೆರೆಯಬಲ್ಲ ಫೋನು ಅದೊಂದೇ ಆಗಿತ್ತು.